ಗುರುವಾರ ಹುಡುಗಿಯರಿಗೆ ಮಡಕೆ

ಗುರುವಾರ ಊಟದ ಬಿಡುವು ಮುಗಿದ ಮೇಲೆ ಫಿಗರ್ ಡ್ರಾಯಿಂಗ್, ಅಂದರೆ ಎದುರಿಗೆ ಕೂತ ಮನುಷ್ಯನನ್ನು ನೋಡಿ ಬರೆಯುವ ಕ್ಲಾಸು. ಹುಡುಗರು ಒಳಗೆ, ನಾವಿಬ್ಬರು ಹುಡುಗಿಯರು ಹೊರಗೆ. ಈ ನಿಯಮವನ್ನು ಯಾವ ಗೋಡೆಗೂ ಬರೆದು ಅಂಟಿಸಿರಲಿಲ್ಲ. ಮೊದಲ ಗುರುವಾರ ಸರ್ ಬಾಗಿಲಿಗೆ ಅಡ್ಡ ನಿಂತು, "ನೀವಿಬ್ಬರೂ ವರಾಂಡಾದಾಗ ಕೂಡ್ರಿ. ನಿಮಗ ಸ್ಟಿಲ್ ಲೈಫ್ ಇಟ್ಟೀನಿ" ಅಂದರು. ಇಟ್ಟಿದ್ದು ಒಂದು ಮಣ್ಣಿನ ಮಡಕೆ, ಪಕ್ಕಕ್ಕೊಂದು ಹಿತ್ತಾಳೆ ತಂಬಿಗೆ, ಕೆಳಗೆ ನೆರಿಗೆ ಮಾಡಿ ಹಾಸಿದ ನೀಲಿ ಬಟ್ಟೆ. ಮುಂದಿನ ಗುರುವಾರವೂ ಅದೇ ಮಡಕೆ. ಆಮೇಲೆ ನಾವೇ ಸ್ಟೋರ್ ರೂಮಿಗೆ ಹೋಗಿ ಎತ್ತಿಕೊಂಡು ಬರುವುದು ರೂಢಿಯಾಯಿತು. ದೀಪಾವಳಿ ಬರುವಷ್ಟರಲ್ಲಿ ಅದರ ಕಂಠದ ಹತ್ತಿರದ ಸೀಳು ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ನಾನು ಸಿಟ್ಟಿನ ಹೆಂಗಸಲ್ಲ. ಹಾಲು ಉಕ್ಕಿದರೆ ಸುಮ್ಮನೆ ಒಲೆ ಒರೆಸುತ್ತೇನೆ. ನಲ್ಲಿಗೆ ನೀರು ಬರದ ದಿನ ಯಾರನ್ನೂ ಬೈಯದೆ ಹಿಂದಿನ ದಿನ ತುಂಬಿಟ್ಟದ್ದರಲ್ಲೇ ಸುಧಾರಿಸಿಕೊಳ್ಳುತ್ತೇನೆ. ಮನೆಯವರು ನನ್ನನ್ನು ಎಮ್ಮೆ ಅನ್ನುತ್ತಾರೆ, ಪ್ರೀತಿಯಿಂದಲೇ. ಆದರೆ ಆ ಮಡಕೆಯ ಮಾತು ಬಂದರೆ ಇಷ್ಟು ವರ್ಷಗಳ ಮೇಲೂ ನನ್ನ ಕಿವಿ ಬಿಸಿಯಾಗುತ್ತದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಲಬುರಗಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ನಾನು ಮೊದಲ ವರ್ಷಕ್ಕೆ ಸೇರಿದ್ದೆ. ಯಾರದೋ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ಮಾಡಿದ ಕಾಲೇಜು. ಅಡಿಗೆಮನೆ ಇದ್ದಲ್ಲಿ ಜೇಡಿಮಣ್ಣಿನ ಕೆಲಸ, ದೇವರಮನೆ ಇದ್ದಲ್ಲಿ ಪ್ರಿನ್ಸಿಪಾಲರ ಕುರ್ಚಿ. ನಮ್ಮ ಮನೆ ಕಮಲಾಪುರದಲ್ಲಿ. ಅಪ್ಪ ಅಲ್ಲೇ ಶಾಲೆಯಲ್ಲಿ ಗುಮಾಸ್ತ. ವಾರವಿಡೀ ನಾನು ಕಲಬುರಗಿಯಲ್ಲೇ ಗಾಜಿಪುರ ಓಣಿಯ ಮೌಶಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಉಳಿದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಸೋಮವಾರ ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೌಶಿಗೆಂದು ಅವ್ವ ಕಟ್ಟಿಕೊಟ್ಟ ಕೆಂಪು ಬಾಳೆಹಣ್ಣು ಹಿಡಿದು ವಾಪಸಾಗುತ್ತಿದ್ದೆ. ಹಣ್ಣಿನಲ್ಲಿ ಅರ್ಧ ನನ್ನ ಗೆಳತಿಯ ಪಾಲು. ನಮ್ಮ ತರಗತಿಯಲ್ಲಿ ನಾನಲ್ಲದೆ ಇದ್ದ ಇನ್ನೊಬ್ಬ ಹುಡುಗಿ ಅವಳೇ. ಮನೆಯಲ್ಲಿ ದಖನಿ ಉರ್ದು, ಅವಳ ತಂದೆಗೆ ಬಳೆ ಅಂಗಡಿ. ಬಾಯಿ ಎಂದರೆ ಕತ್ತರಿ.

ಮೊದಲ ವರ್ಷವನ್ನು ನಾವು ಫೌಂಡೇಶನ್ ಅನ್ನುತ್ತಿದ್ದೆವು. ಎಲ್ಲರಿಗೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುವ ವರ್ಷ. ಎಲೆ ಹೂವು ಬರೆಯುವುದು, ಅಕ್ಷರ ಬರೆಯುವುದು, ದೂರ ಹತ್ತಿರ ತೋರಿಸುವುದು, ಬಣ್ಣ ಬೆರೆಸುವುದು, ಮಣ್ಣು ಹಿಡಿಯುವುದು, ಮತ್ತು ಕೂತ ನಿಂತ ಮನುಷ್ಯನನ್ನು ನೋಡಿ ಬರೆಯುವುದು. ವರ್ಷದ ಕೊನೆಗೆ ಕೆಲಸ ನೋಡಿ ಯಾರಿಗೆ ಯಾವ ವಿಭಾಗ ಎಂದು ಹಂಚುತ್ತಿದ್ದರು. ನನಗೆ ಬೇಕಾಗಿದ್ದು ಪೇಂಟಿಂಗ್. ಪೇಂಟಿಂಗಿಗೆ ಫಿಗರ್ ಇಲ್ಲದೆ ನಡೆಯುವುದಿಲ್ಲ. ಫಿಗರ್ ಮಾಡದವರಿಗೆ ಅಪ್ಲೈಡ್, ಅಂದರೆ ಜಾಹೀರಾತು, ಬೋರ್ಡು, ಡಬ್ಬಿಯ ಮೇಲಿನ ಚಿತ್ರ. ಅದೇನೂ ಕೀಳು ಕೆಲಸವಲ್ಲ, ನನಗೆ ಬೇಕಾದದ್ದು ಅದಾಗಿರಲಿಲ್ಲ, ಅಷ್ಟೇ. ನಮ್ಮನ್ನು ಪ್ರತಿ ಗುರುವಾರ ವರಾಂಡಾದಲ್ಲಿ ಕೂರಿಸಿದರೆ ವರ್ಷದ ಕೊನೆಗೆ ಏನಾಗುತ್ತದೆಂದು ಲೆಕ್ಕ ಹಾಕಲು ಜಾಣತನವೇನೂ ಬೇಕಿರಲಿಲ್ಲ.

ಎರಡು ಸಾವಿರದ ಇಸವಿಯಿಂದ ಈಚೆಗೆ ನಾನೇ ಮೊದಲ ವರ್ಷದವರಿಗೆ ಪಾಠ ಹೇಳಿದ್ದೇನೆ. ಅನಿಮೇಶನ್ ಕಲಿಯಬೇಕು, ಸಿನಿಮಾ ತೆಗೆಯಬೇಕು ಎಂದು ಬಂದ ಮಕ್ಕಳು. ಕಂಪ್ಯೂಟರ್ ಮುಂದೆ ಕೂರುವ ಮೊದಲು ಅವರನ್ನೆಲ್ಲ ಬಸ್ ಸ್ಟ್ಯಾಂಡಿಗೆ ಕರೆದೊಯ್ದು, ಗಂಟು ಹೊತ್ತವರ ಸೊಂಟ ಯಾವ ಕಡೆಗೆ ವಾಲುತ್ತದೆ ನೋಡಿ ಬರೆಯಿರಿ ಅನ್ನುತ್ತಿದ್ದೆ. ಮನುಷ್ಯನ ಮೈಯನ್ನು ನೋಡಲು ಕಲಿಯದವರು ಮುಂದೆ ಏನು ಮಾಡಿದರೂ ಅದು ಗೊಂಬೆಯೇ ಆಗುತ್ತದೆ. ಇದು ಸರ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನ್ನ ಸಿಟ್ಟು.

ಮಾಡೆಲ್ ಆಗಿ ಬರುತ್ತಿದ್ದವರು ಗಂಜ್‌ನಲ್ಲಿ ಅಂದರೆ ಕಾಳಿನ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಹೊತ್ತು ಈಗ ಬೆನ್ನು ಸೋತ ಒಬ್ಬ ಮುದುಕರು. ಅಂಗಿ ಬಿಚ್ಚಿ, ಲುಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಇಷ್ಟಕ್ಕೇ ನಮ್ಮನ್ನು ಹೊರಗಿಟ್ಟದ್ದು. ಇಂಥ ಮೈಗಳ ನಡುವೆಯೇ ನಾನೂ ಮೌಶಿಯೂ ಗಂಜ್‌ನಲ್ಲಿ ಜೋಳ ಆರಿಸಿ ತರುತ್ತಿದ್ದೆವು. ಆಗ ಯಾರಿಗೂ ಏನೂ ಆಗುತ್ತಿರಲಿಲ್ಲ. ಕೈಯಲ್ಲಿ ಇದ್ದಿಲು ಹಿಡಿದು ನೋಡಿದರೆ ಮಾತ್ರ ಏನೋ ಆಗಿಬಿಡುತ್ತಿತ್ತು.

ಒಂದು ದಿನ ಗೆಳತಿ ಕೇಳಿಯೇ ಬಿಟ್ಟಳು. "ಸರ್, ನಾವೂ ಒಳಗ ಕೂಡ್ತೀವ್ರಿ. ಹಿಂದಿನ ಸಾಲಿನಾಗ."

"ಬ್ಯಾಡ ತಂಗಿ. ಮುಜುಗರ ಆಗ್ತದ."

"ಯಾರಿಗ್ರಿ?"

ಸರ್ ಉತ್ತರಿಸುವ ಮೊದಲೇ ಒಳಗಿನಿಂದ ಆ ಮುದುಕರ ದನಿ ಬಂತು. "ನನಗೇನ್ ಶರಮ್ ಇಲ್ಲರಿ ಮಾಸ್ತರ್. ಬರ್ಲಿ ಬಿಡ್ರಿ, ನನ್ನ ಮೊಮ್ಮಕ್ಕಳ ವಾರಿಗಿ ಅದಾವ."

"ನೀವು ಅಲುಗಬ್ಯಾಡ್ರಿ," ಎಂದು ಸರ್ ಗದರಿ ಬಾಗಿಲು ಹಾಕಿಕೊಂಡರು. ಒಳಗೆ ಹುಡುಗರು ನಕ್ಕರು. ನಾವು ಮಡಕೆಯ ಮುಂದೆ ಕೂತೆವು. ಗೆಳತಿ ಮಡಕೆಗೆ ಕಣ್ಣು ಮೂಗು ಮೀಸೆ ಬರೆದು, "ಲೇ, ಇದಾ ನಮ್ಮ ಮಾಡೆಲ್. ಇದಕ್ಕ ಶರಮ್ ಐತಿ ನೋಡು, ಮುಖ ಕೆಂಪಾಗ್ಯದ" ಅಂದಳು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಯಾರನ್ನಾದರೂ ಕೂರಿಸಿ ಬರೆಯೋಣವೆಂದರೆ ಯಾರು ಕೂರುತ್ತಾರೆ? ಮೌಶಿಗೆ ಕೈತುಂಬ ಕೆಲಸ. ಗೆಳತಿಯ ಅಣ್ಣಂದಿರು ಕನ್ನಡಿ ಮುಂದೆಯಾದರೆ ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದರು, ತಂಗಿಯ ಮುಂದೆ ಮಾತ್ರ ಅವರಿಗೆ ಅವಸರದ ಕೆಲಸ ನೆನಪಾಗುತ್ತಿತ್ತು. ಹೀಗಿರುವಾಗ ಒಂದು ಭಾನುವಾರ ಕಮಲಾಪುರದ ಮನೆಯಲ್ಲಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಾಗ ನನ್ನ ಕಣ್ಣು ಅಜ್ಜಿಯ ಮೇಲೆ ಬಿತ್ತು.

ಅಜ್ಜಿ ಅಪ್ಪನ ತಾಯಿ. ಮಡಿ ಹೆಂಗಸು. ತೀರ ಚಿಕ್ಕ ವಯಸ್ಸಿನಲ್ಲಿ ಗಂಡ ಹೋದಾಗ ತಲೆ ಬೋಳಿಸಿದ್ದರು, ಅಂದಿನಿಂದ ಕೆಂಪು ಸೀರೆಯೊಂದೇ ಉಡುಗೆ. ಕುಪ್ಪಸವಿಲ್ಲ, ಬಳೆಯಿಲ್ಲ. ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅಡಿಗೆಮನೆಯ ಹೊಸ್ತಿಲ ಆಚೆ ಅವಳು, ಈಚೆ ನಾವು. ಮಧ್ಯಾಹ್ನ ಎಲ್ಲರ ಊಟ ಮುಗಿಸಿ ತಾನೂ ಉಂಡು, ಹೊಸ್ತಿಲ ಒಳಗೆ ಗೋಡೆಗೆ ಬೆನ್ನು ಕೊಟ್ಟು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಒಂದು ಕಾಲು ಚಾಚಿ, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಹತ್ತಿಯ ಎಳೆಯನ್ನು ಕಾಲಿನ ಮೇಲೆ ಅಂಗೈಯಿಂದ ಉಜ್ಜುತ್ತಿದ್ದಳು. ಸೆಕೆಗೆ ಸೆರಗು ತಲೆಯಿಂದ ಜಾರಿ ಹೆಗಲಿಗೆ ಬೀಳುತ್ತಿತ್ತು. ಕತ್ತಿನ ಕೆಳಗೆ ಎರಡು ಮೂಳೆಗಳು, ಅವುಗಳ ನಡುವೆ ಒಂದು ಗುಳಿ, ತೋಳಿನ ಸಡಿಲ ಚರ್ಮ, ತಲೆಯ ಮೇಲೆ ಬೆಳ್ಳಗಿನ ಮೊಳಕೆಗೂದಲು. ಹುಟ್ಟಿದಾಗಿನಿಂದ ಅವಳನ್ನು ನೋಡುತ್ತಿದ್ದೆ. ಅವಳಿಗೊಂದು ಮೈ ಇದೆಯೆಂದು ಆ ದಿನವೇ ಕಂಡದ್ದು.

ಹಿತ್ತಲಿನ ನೀರೊಲೆಯಿಂದ ಆರಿದ ಇದ್ದಿಲಿನ ತುಂಡು ತಂದು ಹೊಸ್ತಿಲ ಈಚೆ ಕೂತೆ.

"ಏನ ಅದು, ಲಗ್ನಕ್ಕ ಹುಡುಗಿ ನೋಡಿದಂಗ ನೋಡ್ಲಿಕ್ಕತ್ತೀದಿ?"

"ನಿನ್ನ ಚಿತ್ರ ತೆಗೀತೀನಿ ಅಜ್ಜಿ. ಅಲುಗಬ್ಯಾಡ."

"ಅಲುಗಲಿಕ್ಕೆ ನನಗ ಯಾರು ಬಿಟ್ಟಾರವ್ವಾ," ಅಂದಳು. "ತೆಗಿ. ನಿನ್ನ ಕಾಗದ ಮಾತ್ರ ಹೊಸ್ತಿಲ ದಾಟಿ ಬರಬಾರದು ನೋಡು."

ಹಾಗೆ ಶುರುವಾಯಿತು. ಶನಿವಾರ ಸಂಜೆ, ಭಾನುವಾರ ಮಧ್ಯಾಹ್ನ. ಅವಳಿಗಿಂತ ಒಳ್ಳೆಯ ಮಾಡೆಲ್ ನನಗೆ ಮುಂದೆಯೂ ಸಿಗಲಿಲ್ಲ. ಎದ್ದು ಹೋಗುವ ಅವಸರವಿಲ್ಲ, ಹೊಟ್ಟೆ ಒಳಗೆಳೆದುಕೊಂಡು ಕೂರುವ ಆಸೆಯಿಲ್ಲ. ಬತ್ತಿ ಹೊಸೆಯುತ್ತ, ನಮ್ಮ ಅವ್ವ ಮಡಿಯುಟ್ಟು ಒಳಗೆ ಬಂದ ದಿನ ಸಾರಿಗೆ ಹುಣಸೆ ಜಾಸ್ತಿ ಹಾಕುವುದನ್ನು ದೂರುತ್ತ, ಅದೇ ಗೋಡೆಗೆ ಅದೇ ಜಾಗದಲ್ಲಿ ಒರಗಿರುತ್ತಿದ್ದಳು. ಮೊದಮೊದಲು ನನ್ನ ಚಿತ್ರಗಳಲ್ಲಿ ಅವಳು ಸೀರೆ ಸುತ್ತಿದ ಮಡಕೆಯ ಹಾಗೇ ಕಾಣುತ್ತಿದ್ದಳು. ಅಷ್ಟು ತಿಂಗಳು ಮಡಕೆಯನ್ನೇ ಬರೆದ ಕೈ, ಇನ್ನೇನಾದೀತು? ಚಳಿಗಾಲ ಮುಗಿಯುವ ಹೊತ್ತಿಗೆ ಹೆಗಲು ಹೆಗಲಾಯಿತು, ಕೂತ ಭಾರ ನೆಲಕ್ಕೆ ಇಳಿಯಿತು. ಯಾರೂ ಹೇಳಿಕೊಡದೆ, ಸರಿಯೋ ತಪ್ಪೋ ತಿಳಿಯದೆ, ಕತ್ತಲೆಯಲ್ಲಿ ತಡಕಾಡಿದ ಹಾಗೆ ಕಲಿತದ್ದು. ತಪ್ಪುಗಳೂ ಬೇಕಾದಷ್ಟು ಉಳಿದಿದ್ದವು. ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ.

ವರ್ಷದ ಕೆಲಸ ಒಪ್ಪಿಸಲು ಹೇಳಿದಾಗ ಮಡಕೆಯ ಚಿತ್ರಗಳ ಮೇಲೆ ಅಜ್ಜಿಯ ಚಿತ್ರಗಳನ್ನಿಟ್ಟು ಸರ್ ಮೇಜಿಗೆ ಒಯ್ದೆ. ಅವರು ಮೊದಲನೆಯದನ್ನು ನೋಡಿದರು, ಎರಡನೆಯದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಯಾರು ಮಾಡಿಕೊಟ್ರು?"

"ನಾನಾ ಮಾಡೀನ್ರಿ."

"ಸುಳ್ಳು ಹೇಳಬ್ಯಾಡ. ಈ ಕ್ಲಾಸಾ ನಿನಗ ಆಗಿಲ್ಲ. ಕ್ಲಾಸ್ ಆಗದ ಈ ಕೈ ಹ್ಯಾಂಗ ಬರ್ತದ?"

ಮಾತಿನ ಅಂದ ನೋಡಿ. ಕ್ಲಾಸಿಗೆ ಬಿಡದವರು ಅವರೇ. ಕ್ಲಾಸ್ ಆಗಿಲ್ಲ ಎಂದು ನನ್ನನ್ನು ಕಳ್ಳಿ ಮಾಡಿದವರೂ ಅವರೇ. "ವಿಚಾರ ಮಾಡೋಣ" ಎಂದು ಚಿತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಒಂದೇ ಒಂದು ನನ್ನ ಚೀಲದಲ್ಲಿ ಉಳಿದಿತ್ತು.

ಅದೇ ವಾರ ಕಲಬುರಗಿಯಲ್ಲಿ ನಮ್ಮವರ ಮನೆಯೊಂದರ ಮುಂಜಿವಿ. ಸರ್ ನಮ್ಮ ಜನವೇ. ಪಂಕ್ತಿಯಲ್ಲಿ ಅಪ್ಪನ ಪಕ್ಕದ ಎಲೆ ಅವರದು. ಊಟ ಮುಗಿಯುವಷ್ಟರಲ್ಲಿ ಅವರು ಅಪ್ಪನ ಕಿವಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದ್ದರು. ನಿಮ್ಮ ಮಗಳು ಮನೆಯ ಮಡಿ ಹೆಂಗಸನ್ನು ಬರೀ ಹೆಗಲು, ಬೋಳು ತಲೆ ಕಾಣುವಂತೆ ಬರೆದು ಗಂಡಸರು ನೋಡುವ ಮೇಜಿಗೆ ತಂದಿಟ್ಟಿದ್ದಾಳೆ ಎಂದು. ನನ್ನ ಮುಂದೆ, ನೀನು ಬರೆದದ್ದಲ್ಲ. ಅಪ್ಪನ ಮುಂದೆ, ನಿಮ್ಮ ಮಗಳೇ ಬರೆದದ್ದು. ಎರಡೂ ಒಟ್ಟಿಗೆ ನಿಜವಾಗಲಾರದು ಎಂಬುದು ಅವರಿಗೆ ಹೊಳೆಯಲೇ ಇಲ್ಲವೋ, ಹೊಳೆದರೂ ಹುಡುಗಿಯ ವಿಷಯದಲ್ಲಿ ಅದೇನು ದೊಡ್ಡದು ಅನ್ನಿಸಿತೋ.

ಆ ಶನಿವಾರ ನಾನು ಮನೆಯ ಮೆಟ್ಟಿಲು ಹತ್ತುವಾಗಲೇ ಅಪ್ಪನ ದನಿ ಬೀದಿಗೆ ಕೇಳುತ್ತಿತ್ತು.

"ಚಿತ್ರ ತೆಗೀಲಿಕ್ಕೆ ಜಗತ್ತಿನಾಗ ಬ್ಯಾರೆ ಏನೂ ಸಿಗಲಿಲ್ಲೇನು ನಿನಗ? ನಾಲ್ಕು ಮಂದ್ಯಾಗ ನನ್ನ ಮುಖಕ್ಕ ಮಸಿ ಹಚ್ಚೀದಿ! ಎಲ್ಲಿ ಅದಾವ? ತಾ ಇಲ್ಲಿ, ಒಲಿಗೆ ಹಾಕ್ತೀನಿ. ನಾಳಿಂದ ಕಾಲೇಜು ಬಂದ್."

ಅವ್ವ ಬಾಗಿಲ ಮರೆಯಲ್ಲಿ ನಿಂತು ಕಣ್ಣಿನಲ್ಲೇ ನನಗೆ ಸುಮ್ಮನಿರು ಅನ್ನುತ್ತಿದ್ದಳು. ನಾನು ಚೀಲದಿಂದ ಆ ಒಂದು ಚಿತ್ರ ತೆಗೆದೆ. ಹೆದರಿಕೆಯೂ ಇತ್ತು, ಆದರೆ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು.

"ತಡಿ," ಅಂದಳು ಅಜ್ಜಿ ಒಳಗಿನಿಂದ. "ಸುಡೂದಕ್ಕಿಂತ ಮೊದಲ ನನಗ ತೋರಸ್ರಿ. ಸುಡೂದು ನನ್ನನ್ನಲ್ಲಾ?"

ನಾನು ಹೊಸ್ತಿಲ ಈಚೆ ನಿಂತು ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ. ಅವಳು ಕುತ್ತಿಗೆ ಮುಂದಕ್ಕೆ ಚಾಚಿ ಬಹಳ ಹೊತ್ತು ನೋಡಿದಳು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಬೋಳು ತಲೆಯವರ ಫೋಟೋ ಯಾರು ತೆಗೆಸುತ್ತಾರೆ?

"ಮೂಗು ನಂದಲ್ಲ," ಅಂದಳು. "ಇದು ನಿಮ್ಮ ಅವ್ವನ ಮೂಗು." ಆಮೇಲೆ ಅಪ್ಪನ ಕಡೆ ತಿರುಗಿದಳು. "ಏನೋ, ನಾಚಿಕಿ ಬಂತೇನು ನಿನಗ?"

"ಬರದ ಏನವ್ವಾ? ಗಂಡಸರೆಲ್ಲಾ ನೋಡ್ತಾರ."

"ಗಂಡಸರು ನೋಡ್ತಾರ," ಅಂದಳು ಅಜ್ಜಿ. ಅವಳು ದನಿ ಏರಿಸಲಿಲ್ಲ, ಅದಕ್ಕೇ ಅದು ಇಂದಿಗೂ ನನಗೆ ಕೇಳುತ್ತದೆ. "ನಿಮ್ಮಪ್ಪ ಹೋದಾಗ ನೀ ನನ್ನ ತೊಡಿ ಮ್ಯಾಲಿದ್ದಿ. ಹಿತ್ತಲದಾಗ ಕೂಡ್ರಿಸಿ ಹಜಾಮನ್ನ ಕರೆದು ನನ್ನ ತಲಿ ಅವನ ಕೈಯಾಗ ಕೊಟ್ರು. ಅವ ಗಂಡಸಲ್ಲೇನು? ಸುತ್ತ ನಿಂತವರು ಗಂಡಸರಲ್ಲೇನು? ಇವತ್ತಿಗೂ ತಿಂಗಳಾ ತಿಂಗಳಾ ಹಜಾಮ ಬರ್ತಾನ, ಆಗ ಅಪ್ಪ ಬರ್ತಿದ್ದ, ಈಗ ಮಗ ಬರ್ತಾನ. ನೀನಾ ಹೇಳಿ ಕಳಸ್ತಿ. ಅವ ಮುಟ್ಟಿದ್ದು ಎರಡು ತಂಬಿಗಿ ನೀರಾಗ ಹೋಗ್ತದ. ಈ ಹುಡುಗಿ ಮುಟ್ಟಿಲ್ಲ, ದೂರದಿಂದ ನೋಡ್ಯಾಳ. ಅದು ಹೋಗಂಗಿಲ್ಲೇನು?"

ಅಪ್ಪ ಗೂಟದಿಂದ ಅಂಗಿ ಎಳೆದುಕೊಂಡರು.

"ನಾಚಿಕಿ ಬರೋದಿದ್ರ ಅವತ್ತ ಬರಬೇಕಿತ್ತು, ಅಲ್ಲಿ ನಿಂತವರಿಗೆ. ಇವತ್ತ ಇಕಿ ಮ್ಯಾಲ ಯಾಕ ಹಾಕ್ತೀ?" ಎಂದು, ಏನೂ ಆಗದವಳ ಹಾಗೆ ಹತ್ತಿಯ ಬುಟ್ಟಿ ಎಳೆದುಕೊಂಡಳು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ರಾತ್ರಿ ಊಟಕ್ಕೆ ಬಂದಾಗ ಕಾಲೇಜಿನ ಮಾತು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ಅಜ್ಜಿ ಅದೇನೋ ಹೊಸ ಕಾಲದ ಹೆಂಗಸಾದಳೆಂದು ತಿಳಿಯಬೇಡಿ. ಮರುದಿನ ಸ್ನಾನ ಮಾಡದೆ ಹೊಸ್ತಿಲ ಹತ್ತಿರ ಸುಳಿದದ್ದಕ್ಕೆ ನನಗೆ ಚೆನ್ನಾಗಿ ಬೈದಳು.

ಸೋಮವಾರ ನಾನು ಬಸ್ಸಿನಿಂದ ಇಳಿದವಳು ಮೌಶಿಯ ಮನೆಗೆ ಹೋಗದೆ ಬಾಳೆಹಣ್ಣಿನ ಚೀಲದೊಂದಿಗೇ ಕಾಲೇಜಿಗೆ ಹೋದೆ. ಸರ್ ಹುಡುಗರ ಕೆಲಸ ನೋಡುತ್ತ ನಿಂತಿದ್ದರು.

"ಸರ್, ನಾ ಮಾಡಿಲ್ಲ ಅಂತೀರಲ್ಲ, ಈಗ ನಿಮ್ಮ ಮುಂದ ಮಾಡ್ತೀನ್ರಿ."

"ಯಾರನ್ನ ನೋಡಿ ಮಾಡ್ತಿ? ಮಾಡೆಲ್ ಬಂದಿಲ್ಲ ಇವತ್ತ."

"ನೀವಾ ಕೂಡ್ರಿ."

ಹುಡುಗರು ಕಾಗದ ಕೆಳಗಿಟ್ಟು ನಮ್ಮ ಕಡೆ ತಿರುಗಿದರು. ನನಗೂ ನನ್ನ ಬಾಯಿಯ ಮೇಲೆ ನಂಬಿಕೆ ಬರಲಿಲ್ಲ. ಇಲ್ಲ ಅಂದರೆ ಸರ್ ಸೋತಂತೆ, ಹೂಂ ಅಂದರೂ ಒಂಥರಾ. ಸರ್ ನಕ್ಕಂತೆ ಮಾಡಿ, ಮಾಡೆಲ್ ಕೂರುವ ಸ್ಟೂಲಿನ ಮೇಲೆ ಕೂತರು. ಬೂದು ಬಣ್ಣದ ಸಫಾರಿ, ಜೇಬಿನಲ್ಲಿ ಎರಡು ಪೆನ್ನು. ಚಿತ್ರ ಬರೆಯುವವರು ಎರಡೂ ಕಡೆ ಕಾಲು ಹಾಕಿ ಕೂರುವ ಉದ್ದನೆಯ ಮರದ ಬೆಂಚಿಗೆ ನಾವು ಡಾಂಕಿ ಅನ್ನುತ್ತಿದ್ದೆವು. ಹುಡುಗರಲ್ಲೊಬ್ಬ ತನ್ನ ಡಾಂಕಿ ಬಿಟ್ಟುಕೊಟ್ಟ. ನಾನು ಸೀರೆ ಸರಿಮಾಡಿಕೊಂಡು ಅಡ್ಡಲಾಗಿ ಕೂತು ನೋಡತೊಡಗಿದೆ.

ಬರೆಯುವುದಕ್ಕಿಂತ ಹೆಚ್ಚು ನೋಡಿದೆ. ಬೇಕೆಂದೇ. ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಹೊಟ್ಟೆಗೆ, ಹೊಟ್ಟೆಯಿಂದ ಮೊಣಕಾಲಿಗೆ. ಸರ್ ಮೊದಲು ಪೆನ್ನು ಸರಿಮಾಡಿಕೊಂಡರು. ಆಮೇಲೆ ಕಾಲಿನ ಮೇಲೆ ಕಾಲು ಹಾಕಿದರು. ಆಮೇಲೆ ಅಂಗಿಯ ಅಂಚನ್ನು ಹೊಟ್ಟೆಯ ಮೇಲಿಂದ ಕೆಳಕ್ಕೆ ಎಳೆದರು.

"ಅಲುಗಬ್ಯಾಡ್ರಿ ಸರ್. ಕುತ್ತಿಗಿ ಕಾಣವಲ್ದು, ಮ್ಯಾಲಿನ ಗುಂಡಿ ಒಂದು ಬಿಚ್ಚತೀರೇನು?"

ಅವರ ಕಿವಿ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಗೆಳತಿ ತೀರ ಮೆತ್ತಗೆ, ಬಹಳ ಕಾಳಜಿಯ ದನಿಯಲ್ಲಿ ಕೇಳಿದಳು, "ಮುಜುಗರ ಆಗ್ತದೇನ್ರಿ ಸರ್?"

ಹುಡುಗರು ಸ್ಫೋಟಿಸಿದಂತೆ ನಕ್ಕರು. ಸರ್ ಎದ್ದರು. ಇನ್ನೂ ತೋಳು ಕೂಡ ಮುಗಿದಿರಲಿಲ್ಲ. "ಸಾಕು ಸಾಕು. ಕೈ ಅದ, ಒಪ್ಪೀನಿ. ಆದ್ರ ಕೈ ಇದ್ದ ಮಾತ್ರಕ್ಕ ಆಗಂಗಿಲ್ಲ, ಕ್ಲಾಸಿನ ಹಾಜರಿ ಬೇಕು. ಅದು ನಿಮಗಿಲ್ಲ. ನಿಮಗ ಅಪ್ಲೈಡ್ ಚಲೋ ಆಗ್ತದ ತಂಗಿ. ಮನ್ಯಾಗ ಕೂತು ಮಾಡೋ ಕೆಲಸ."

ನಮ್ಮ ನಾಚಿಕೆಯನ್ನು ಕಾಯಲು ಅವರು ಬಾಗಿಲು ಹಾಕುತ್ತಿದ್ದರು ಎಂದು ಅಷ್ಟು ದಿನ ನಾನೂ ಅರ್ಧ ನಂಬಿದ್ದೆ. ಆ ಸ್ಟೂಲಿನ ಮೇಲೆ ಅವರು ಹೊಟ್ಟೆ ಮುಚ್ಚಿಕೊಂಡದ್ದನ್ನು ಕಂಡ ಮೇಲೆ ನಂಬಲಿಲ್ಲ. ಹುಡುಗಿ ನೋಡುತ್ತಾಳೆ ಎನ್ನುವುದನ್ನೇ ಅವರಿಗೆ ತಡೆಯಲಾಗುತ್ತಿರಲಿಲ್ಲ. ನೋಡಿಸಿಕೊಂಡು ಕೂರಲು ನಮ್ಮ ಅಜ್ಜಿಗಿದ್ದ ಗಟ್ಟಿತನ ಅವರಿಗಿರಲಿಲ್ಲ.

ಬೀಗ ಹಾಕಿದ ಚಿತ್ರಗಳನ್ನು ಕೇಳಿದರೆ, ಒಳ್ಳೆಯ ಕೆಲಸವನ್ನು ಕಾಲೇಜು ಇಟ್ಟುಕೊಳ್ಳುವ ಪದ್ಧತಿ ಇದೆ ಅಂದರು. ನನ್ನದಲ್ಲ ಅಂದ ಚಿತ್ರ, ಮಾನ ಕಳೆಯುವ ಚಿತ್ರ, ಈಗ ಇಟ್ಟುಕೊಳ್ಳುವಷ್ಟು ಒಳ್ಳೆಯದಾಗಿತ್ತು. ಅದು ಯಾಕೆಂದು ಕೆಲವು ದಿನಗಳಲ್ಲಿ ತಿಳಿಯಿತು. ಬೆಂಗಳೂರಿನಿಂದ ಕಾಲೇಜಿನ ತಪಾಸಣೆಗೆ ಬರುವವರಿದ್ದರು. ಗೋಡೆಗಳಿಗೆ ಸುಣ್ಣ ಬಿತ್ತು. ವರಾಂಡಾದ ಮಡಕೆ ಸ್ಟೋರ್ ರೂಮು ಸೇರಿತು. ಬುಧವಾರ ಬೆಳಿಗ್ಗೆ ನಾವು ಬಂದು ನೋಡಿದರೆ ಹಾಲ್‌ನ ನಡುಗೋಡೆಯಲ್ಲಿ ಅಜ್ಜಿ. ಕಾಲು ಚಾಚಿ, ಸೆರಗು ಜಾರಿಸಿ, ಬತ್ತಿ ಹೊಸೆಯುತ್ತ. ಕೆಳಗೆ ಚೆಂದದ ಅಕ್ಷರದಲ್ಲಿ, ಜೀವಂತ ಮಾದರಿಯ ಅಧ್ಯಯನ, ಪ್ರಥಮ ವರ್ಷದ ವಿದ್ಯಾರ್ಥಿನಿ.

"ಯಾ ಅಲ್ಲಾ," ಅಂದಳು ಗೆಳತಿ. "ಇವರಿಗೆ ಶರಮ್ ಅನ್ನೋದು ಎಲ್ಲಿ ಸಿಗ್ತದ ತಂದುಕೊಡಬೇಕು."

ತಪಾಸಣೆಯವರಲ್ಲಿ ಒಬ್ಬ ಹೆಂಗಸು ಇದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಗಡಿಯಾರ. ಅಜ್ಜಿಯ ಮುಂದೆ ಬಹಳ ಹೊತ್ತು ನಿಂತರು. "ಇದು ತುಂಬ ಚೆನ್ನಾಗಿದೆ. ಹೆಣ್ಣುಮಕ್ಕಳಿಗೂ ಲೈಫ್ ಸ್ಟಡಿ ಕೊಡ್ತೀರಾ ಇಲ್ಲಿ?"

"ಸಮಾನ ಕೊಡ್ತೀವ್ರಿ ಮೇಡಂ," ಅಂದರು ಸರ್. ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮಲ್ಲಿ ಹುಡುಗ ಹುಡುಗಿ ಅನ್ನೋ ಭೇದ ಇಲ್ರಿ. ಇವಳಾ ಮಾಡಿದ್ದು ಅದು."

ಆ ಹೆಂಗಸು ನನ್ನ ಕಡೆ ತಿರುಗಿ, "ಯಾವತ್ತಮ್ಮ ನಿಮ್ಮ ಕ್ಲಾಸು?" ಅಂದರು.

ವರ್ಷವಿಡೀ ಬಸ್ಸಿನಲ್ಲಿ ಕೂತು ನಾನು ಜೋಡಿಸಿಟ್ಟುಕೊಂಡ ಮಾತು ನಾಲಿಗೆಯ ಮೇಲಿತ್ತು. ಇವರು ನಮ್ಮನ್ನು ಒಳಗೆ ಬಿಡುವುದಿಲ್ಲ, ಇದು ನಮ್ಮ ಮನೆಯ ಹೊಸ್ತಿಲಲ್ಲಿ ಬರೆದದ್ದು ಎಂದು. ಸರ್ ನನ್ನನ್ನೇ ನೋಡುತ್ತಿದ್ದರು. ಮುಖದ ಬಣ್ಣ ಸುಣ್ಣದ ಗೋಡೆಯ ಹಾಗಿತ್ತು. ಹೇಳಿದರೆ ಏನಾಗುತ್ತದೆ? ಬಂದವರು ಏನೋ ಬರೆದುಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ರೈಲು ಹತ್ತುತ್ತಾರೆ. ನಮಗೆ ಮತ್ತೆ ಮಡಕೆ. ನನಗೆ ಬೇಕಾಗಿದ್ದು ಅವರ ಮಾನ ಕಳೆಯುವುದಲ್ಲ, ಆ ಬಾಗಿಲ ಒಳಗಿನ ಒಂದು ಡಾಂಕಿ.

"ಗುರುವಾರ್ರೀ," ಅಂದೆ. "ನಾಳೆ ಅದರೀ. ಮುಂದಿನ ಸಾಲಿನಾಗ ನಾವಿಬ್ಬರೂ ಕೂಡ್ತೀವಿ."

"ಹಾಗಾದ್ರೆ ನಾಳೆ ಬಂದು ನೋಡ್ತೀವಿ," ಅಂದರು ಅವರು.

ನನ್ನದಾದ ಪಾಠಕ್ಕೆ ಒಳಗೆ ಹೋಗಲು ಸರ್ ಹೇಳಿದ ಸುಳ್ಳಿಗೆ ನಾನು ಹೆಗಲು ಕೊಡಬೇಕಾಯಿತು. ಭೇದವಿಲ್ಲದ ಕಾಲೇಜು ಎಂದು ತಪಾಸಣೆಯವರು ಆ ದಿನ ಅವರನ್ನು ಎಲ್ಲರ ಮುಂದೆ ಹೊಗಳಿದರು. ಸರ್ ಕೈಮುಗಿದು ಹೊಗಳಿಕೆ ತಗೊಂಡರು. ಅಜ್ಜಿಯ ಆ ಚಿತ್ರಗಳನ್ನು ಮುಂದೆಯೂ ಅವರು ವಾಪಸು ಕೊಡಲಿಲ್ಲ. ಸಮಾನ ಕೊಡುತ್ತೇವೆ ಅಂದ ಮೇಲೆ ಹಾಜರಿಯ ಮಾತು ಎತ್ತುವಂತಿರಲಿಲ್ಲ. ವರ್ಷದ ಕೊನೆಗೆ ನನಗೆ ಪೇಂಟಿಂಗ್ ಸಿಕ್ಕಿತು, ಗೆಳತಿ ತಾನಾಗಿಯೇ ಶಿಲ್ಪ ತಗೊಂಡಳು. ಅದೆಲ್ಲ ಆಮೇಲಿನದು.

ಗುರುವಾರ ನಾವು ಹೊಸ್ತಿಲು ದಾಟಿ ಒಳಗೆ ಹೋದೆವು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುತ್ತಿತ್ತು. ಮುದುಕರು ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂತಿದ್ದರು. ತಪಾಸಣೆಯವರು ಗೋಡೆಯ ಬದಿಗೆ ನಿಂತಿದ್ದಾರೆ ಎಂಬುದನ್ನು ಲೆಕ್ಕಿಸದೆ, ಏನೂ ಗೊತ್ತಿಲ್ಲದವರ ಹಾಗೆ, "ಅರೇ ಬೇಟಿ, ಇಷ್ಟ್ ದಿನ ಎಲ್ಲಿ ಹೋಗಿದ್ರಿ?" ಅಂದರು.

ಸರ್ ಕೆಮ್ಮಿದರು.

"ಜ್ವರ ಬಂದಿತ್ತು ಚಾಚಾ," ಅಂದಳು ಗೆಳತಿ. "ಇಬ್ಬರಿಗೂ."

ನಾನು ಬರೆಯತೊಡಗಿದೆ. ಚೀಲ ಹೊತ್ತ ಬೆನ್ನು, ಒಂದು ಹೆಗಲು ಕೆಳಗೆ. ಎಷ್ಟು ತಿದ್ದಿದರೂ ಮನುಷ್ಯ ಬಲಕ್ಕೆ ಬೀಳುವಂತೆ ಕಾಣುತ್ತಿದ್ದ. ಅಜ್ಜಿಯ ಚಿತ್ರಗಳಲ್ಲೂ ಇದೇ ತೊಂದರೆ ಇತ್ತು, ಎಷ್ಟೋ ಭಾನುವಾರ ಅದಕ್ಕಾಗಿ ತಲೆ ಕೆಡಿಸಿಕೊಂಡಿದ್ದೆ. ಬೆಂಗಳೂರಿನವರು ನೋಡುತ್ತಿದ್ದುದರಿಂದ ಸರ್ ಒಬ್ಬೊಬ್ಬರ ಹಿಂದೆ ನಿಲ್ಲುತ್ತ ನನ್ನ ಹಿಂದೆಯೂ ಬಂದು ನಿಂತರು. ಇದ್ದಿಲು ಇಸಿದುಕೊಂಡು ಕಾಗದದ ಮೇಲೆ, ಕತ್ತಿನ ಗುಳಿಯಿಂದ ನೆಟ್ಟಗೆ ಕೆಳಕ್ಕೆ, ಒಂದು ಸಣ್ಣ ಗೆರೆ ಎಳೆದರು.

"ಮೊದಲ ಇದನ್ನ ನೋಡು. ಇದು ಸ್ಟೂಲಿನ ಮ್ಯಾಲ ಎಲ್ಲಿ ಇಳೀತದ, ಭಾರ ಅಲ್ಲಿ ಇರ್ತದ. ಆಮ್ಯಾಲೆ ಹೆಗಲು."

ಒಂದೇ ಗೆರೆ, ಒಂದು ಮಾತು. ನಾನು ಸೊಂಟವನ್ನು ಆ ಗೆರೆಯ ಕೆಳಗೆ ತಂದೆ. ಕಾಗದದ ಮೇಲಿನ ಮುದುಕರು ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತರು. ಇಷ್ಟು ಚೆನ್ನಾಗಿ ಕಲಿಸಲು ಬರುತ್ತಿತ್ತು ಸರ್‌ಗೆ.